ಟಿಕೆಟ್‌ ಹಣದಲ್ಲಿ ಸೇವೆಗೂ ಒಂದು ಪಾಲಿರಲಿ

ಕ್ರಿಕೆಟ್ ಪ್ರೇಮಿಗಳೇ,

ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು ಬಿಕರಿಯಾಗಿದ್ದು 48,390 ಕೋಟಿ ರೂಪಾಯಿಗೆ. ಆ ದುಡ್ಡಿನ ಮೂಲ ನಾವೇ. ಟಿಕೆಟ್‌ಗೆ ಮುಗಿಬೀಳುವವರು ನಾವು, ಜೆರ್ಸಿ ಕೊಳ್ಳುವವರು ನಾವು, ಓವರ್ ಮುಗಿದಾಗಲೆಲ್ಲ ಜಾಹೀರಾತು ನೋಡುವವರೂ ನಾವೇ. ಅದರಲ್ಲಿ ಸಮಾಜದ ಪಾಲೆಷ್ಟು ಎಂದು ಕೇಳುವ ಹಕ್ಕು ನಮಗಿದೆ.

ಏನೂ ಕೊಟ್ಟಿಲ್ಲವೆಂದಲ್ಲ. ಪುಲ್ವಾಮಾ ದಾಳಿಯ ಬಳಿಕ, 2019ರಲ್ಲಿ ಐಪಿಎಲ್‌ನ ಉದ್ಘಾಟನಾ ಸಮಾರಂಭ ಕೈಬಿಟ್ಟು ಆ ಹಣವನ್ನು ಸೇನಾಪಡೆಗಳಿಗೆ, ಸಿಆರ್‌ಪಿಎಫ್‌ಗೆ ನೀಡಲಾಯಿತು. ಪರಿಸರ ಕಾಳಜಿಗೆಂದು ಆರ್‌ಸಿಬಿ ಹಸಿರು ಜೆರ್ಸಿ ತೊಟ್ಟು ಆಡುವ ಪರಿಪಾಠ 2011ರಿಂದ ಇದೆ. ಸಂತೋಷ. ಆದರೆ ಇವೆಲ್ಲ ಮನಸ್ಸು ಬಂದಾಗ ಕೊಟ್ಟಿದ್ದು. ಕೊಡುವುದನ್ನು ನಿಯಮವಾಗಿಸಿದವರೂ ಇದ್ದಾರೆ: ಲಂಡನ್ ಮ್ಯಾರಥಾನ್‌ನಲ್ಲಿ ಸೇವಾಸಂಸ್ಥೆಗಳ ಪಾಲಿಗೆಂದೇ ಒಂದಷ್ಟು ಸ್ಥಾನಗಳಿರುತ್ತವೆ. ಆ ಸ್ಥಾನ ಪಡೆದು ಓಡುವವರು ಇಂತಿಷ್ಟು ದೇಣಿಗೆ ಎತ್ತಿಕೊಡುವುದಾಗಿ ಒಪ್ಪಿಕೊಳ್ಳಬೇಕು. 1981ರಲ್ಲಿ ಶುರುವಾದ ಆ ಓಟದಿಂದ ಈವರೆಗೆ ಕೂಡಿದ ದೇಣಿಗೆ ನೂರು ಕೋಟಿ ಪೌಂಡ್ ದಾಟಿದೆ.

ಐಪಿಎಲ್‌ನಿಂದ ಕೋಟಿಗಟ್ಟಲೆ ಬಂದ ಮಾತ್ರಕ್ಕೆ ಅದನ್ನು ನಡೆಸುವ ಬಿಸಿಸಿಐನ ಧರ್ಮಾರ್ಥ ಸಂಸ್ಥೆಯ ಮಾನ್ಯತೆ ಹೋಗದು, ಅದರ ಉದ್ದೇಶ ಕ್ರಿಕೆಟ್ ಬೆಳೆಸುವುದೇ ಎಂದು ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಹೇಳಿತು. ಸರಿ, ಅಂಧರು ಆಡುವುದೂ ಕ್ರಿಕೆಟ್ಟೇ ತಾನೆ? ಬೌಲರ್ 'ರೆಡಿ?' ಎಂದು ಕೂಗುತ್ತಾರೆ, ಬ್ಯಾಟರ್ 'ಯೆಸ್' ಎನ್ನುತ್ತಾರೆ. ಬೇರಿಂಗ್ ಗುಂಡು ತುಂಬಿದ ಪ್ಲಾಸ್ಟಿಕ್ ಚೆಂಡು ನೆಲದ ಮೇಲೆ ಗಲಗಲ ಎನ್ನುತ್ತ ಬರುತ್ತದೆ. ಆ ಸದ್ದನ್ನೇ ನಂಬಿ, ಮಂಡಿಯೂರಿ ಸ್ವೀಪ್ ಮಾಡಬೇಕು. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಮೊದಲ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತಕ್ಕೆ ನಾಯಕ, ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2025ರಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ಕೂಡ ನಮ್ಮ ರಾಜ್ಯದವರೇ. ಬೆಂಗಳೂರಿನಿಂದ ಈ ಆಟವನ್ನು ನಡೆಸಿಕೊಂಡು ಬಂದವರಿಗೆ ದಾನಿಗಳ, ಪ್ರಾಯೋಜಕರ ಮುಂದೆ ಕೈಚಾಚುವುದು ತಪ್ಪಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಎರಡೇ. ಪ್ರತಿ ಟಿಕೆಟ್‌ನ ಹಣದಲ್ಲಿ ಇಂತಿಷ್ಟು ಭಾಗ ಅಂಧರ, ಅಂಗವಿಕಲರ ಕ್ರೀಡೆಗೆ, ಸರ್ಕಾರಿ ಶಾಲೆಗಳ ಆಟದ ಮೈದಾನಗಳಿಗೆ ಎಂದು ಮೊದಲೇ ನಿಗದಿಯಾಗಲಿ. ಟೂರ್ನಿ ಮುಗಿದ ಮೇಲೆ, ಯಾರಿಗೆ ಎಷ್ಟು ಸಂದಿತು ಎಂಬ ಲೆಕ್ಕಪತ್ರ ಬಹಿರಂಗವಾಗಲಿ.

ಇದನ್ನೇ ನೀವು ಮೆಚ್ಚಿದ ತಂಡಕ್ಕೆ, ರಾಜ್ಯ ಕ್ರಿಕೆಟ್ ಸಂಸ್ಥೆಗೆ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಒಬ್ಬರು ಕೇಳಿದರೆ ಪತ್ರ ಮೂಲೆ ಸೇರೀತು. ಕ್ರೀಡಾಂಗಣ ತುಂಬುವಷ್ಟು ಜನ ಕೇಳಿದರೆ ಉತ್ತರ ಕೊಡದೆ ವಿಧಿಯಿಲ್ಲ.