ಐಪಿಒಗೆ ಹಾಕಿದ ಹಣವೆಲ್ಲ ಕಂಪನಿಗೇ ಹೋಗುತ್ತದೆಯೇ?

ಸ್ಟಾರ್ಟಪ್‌ ಒಂದರ ಐಪಿಒಗೆ ನಾವು ಹಾಕುವ ಹಣವೆಲ್ಲ ಅದರ ಬೆಳವಣಿಗೆಗೇ ಬಳಕೆಯಾಗುತ್ತದೆ ಎಂಬ ನಂಬಿಕೆ ಇದೆ. ಇದು ಅರ್ಧಸತ್ಯ. ಕಂಪನಿ ಹೊಸದಾಗಿ ಹೊರಡಿಸಿದ ಷೇರಿನ ಹಣ ಮಾತ್ರ ಕಂಪನಿಗೆ ಸೇರುತ್ತದೆ. ಹಳೆಯ ಹೂಡಿಕೆದಾರರು ‘ಆಫರ್‌ ಫಾರ್‌ ಸೇಲ್‌’ ಮೂಲಕ ಮಾರುವ ಷೇರಿನ ಹಣ ಅವರಿಗೇ ಹೋಗುತ್ತದೆ.

ಊಟ ತಲುಪಿಸುವ ಎರಡು ಕಂಪನಿಗಳನ್ನೇ ನೋಡೋಣ. 2021ರಲ್ಲಿ ಜೊಮ್ಯಾಟೊ ಐಪಿಒದ 9,375 ಕೋಟಿ ರೂಪಾಯಿಯಲ್ಲಿ 9,000 ಕೋಟಿ ಹೊಸ ಷೇರುಗಳದ್ದು. 2024ರಲ್ಲಿ ಬೆಂಗಳೂರಿನ ಸ್ವಿಗ್ಗಿಯದು ಸುಮಾರು 11,327 ಕೋಟಿ. ಕಂಪನಿಯ ಪಾಲು 4,499 ಕೋಟಿ ಮಾತ್ರ.

ಹಳಬರು ಷೇರು ಮಾರುವುದು ಮೋಸವೇನಲ್ಲ. ಆರಂಭದಲ್ಲೇ ನಷ್ಟದ ಭಯವಿದ್ದರೂ ಹಣ ಹಾಕಿದವರು ಲಾಭ ಪಡೆಯಲು ಇದೊಂದು ದಾರಿ. ಆದರೆ ಅವರು ಯಾವ ಬೆಲೆಗೆ ಕೊಂಡಿದ್ದರು, ನಮಗೆ ಯಾವ ಬೆಲೆಗೆ ಮಾರುತ್ತಿದ್ದಾರೆ? ಪ್ರಾಸ್ಪೆಕ್ಟಸ್‌ನಲ್ಲಿ ಇದನ್ನು ನೋಡಿಯೇ ಅರ್ಜಿ ಹಾಕೋಣ.