ಪ್ರೋಗ್ರಾಮಿಗೂ ಬೇಕು ಸರಿಯಾದ ವಿಳಾಸ

ಒಂದಕ್ಷರವೂ ತಪ್ಪಿಲ್ಲದ ಕಂಪ್ಯೂಟರ್ ಪ್ರೋಗ್ರಾಂ ನಪಾಸಾಗಬಹುದೇ? ಖಂಡಿತ ಆಗಬಹುದು, ಅದನ್ನು ಬೇರೆ ಫೋಲ್ಡರಿನಲ್ಲಿಟ್ಟರೆ ಸಾಕು!

ಕಂಪ್ಯೂಟರಿನ ಪ್ರತಿ ಕಡತವೂ ಒಂದು ಫೋಲ್ಡರಿನೊಳಗೆ, ಆ ಫೋಲ್ಡರು ಇನ್ನೊಂದರೊಳಗೆ ಇರುತ್ತದೆ. ಈ ಸರಣಿಯೇ ಕಡತದ ವಿಳಾಸ. ತಜ್ಞರ ಮಾತಿನಲ್ಲಿ ‘ಪಾತ್’.

ದೊಡ್ಡ ತಂತ್ರಾಂಶಗಳನ್ನು ಹಲವರು ಸೇರಿ ಬರೆಯುತ್ತಾರೆ. ಎಲ್ಲರ ಬರಹವೂ ‘ರೆಪಾಸಿಟರಿ’ ಎಂಬ ಉಗ್ರಾಣದಲ್ಲಿರುತ್ತದೆ. ಯಾರಾದರೂ ಬದಲಾವಣೆ ಸೇರಿಸಿದರೆ, ಬೇರೊಂದು ಯಂತ್ರ ತಾನಾಗಿಯೇ ಅದರ ಪ್ರತಿಯನ್ನು ಇಳಿಸಿಕೊಂಡು, ಪರೀಕ್ಷಿಸಿ, ಫಲಿತಾಂಶ ತಿಳಿಸುತ್ತದೆ. ಈ ವ್ಯವಸ್ಥೆಗೆ ‘ಕಂಟಿನ್ಯುಯಸ್ ಇಂಟಿಗ್ರೇಷನ್’ ಎಂದೂ ಪ್ರತಿ ಇಳಿಸುವುದಕ್ಕೆ ‘ಚೆಕ್‌ಔಟ್’ ಎಂದೂ ಹೆಸರು. ಹಲವು ಕಡೆ ಪ್ರತಿ ಸಲವೂ ಹೊಚ್ಚ ಹೊಸ ಯಂತ್ರವೇ ಸಿಗುತ್ತದೆ. ಮದುವೆ ಛತ್ರಕ್ಕೆ ಬಂದ ಅಡುಗೆಯವರಿಗೆ ‘ಉಪ್ಪು ಒಲೆಯ ಎಡಗಡೆ ಗೂಡಿನಲ್ಲಿದೆ’ ಎಂಬ ಮನೆಯ ಗುರುತು ಅಲ್ಲಿ ಉಪಯೋಗಕ್ಕೆ ಬಾರದಷ್ಟೆ.

‘ಗೋ’ ಭಾಷೆಯ ಉದಾಹರಣೆ ನೋಡಿ. ಗೂಗಲ್ ಸಂಸ್ಥೆ ಇದನ್ನು 2009ರಲ್ಲಿ ಪ್ರಕಟಿಸಿತು. ಬರಹವೆಲ್ಲ ‘ಗೋಪಾತ್’ ಎಂದು ಸೂಚಿಸಿದ ಫೋಲ್ಡರಿನೊಳಗೆ, ಉಗ್ರಾಣದ ಹೆಸರಿಗೆ ಹೊಂದುವ ಜಾಗದಲ್ಲೇ ಇರಬೇಕೆಂಬುದು ಆರಂಭದ ವರ್ಷಗಳ ಕಟ್ಟಳೆ. ಪರೀಕ್ಷಾ ಯಂತ್ರವೋ ತನಗೆ ಗೊತ್ತಿದ್ದ ಫೋಲ್ಡರಿನಲ್ಲಿ ಪ್ರತಿ ಇಳಿಸುತ್ತಿತ್ತು. ಫಲವಾಗಿ, ಪಕ್ಕದಲ್ಲೇ ಇದ್ದ ಭಾಗವೂ ‘ಸಿಗಲಿಲ್ಲ’ ಎಂಬ ಉತ್ತರ!

ಇದಕ್ಕೆ ಒಂದು ಪರಿಹಾರ, ಇಳಿಸುವ ಜಾಗವನ್ನೇ ಬದಲಿಸುವುದು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಚೆಕ್‌ಔಟ್ ಹಂತಕ್ಕೆ ‘ಪಾತ್’ ಎಂದು ಬರೆದು ಫೋಲ್ಡರಿನ ಹೆಸರು ಕೊಟ್ಟರಾಯಿತು. ಆದರೆ ಆ ಫೋಲ್ಡರು ಯಂತ್ರ ನೀಡಿದ ಕೆಲಸದ ಆವರಣದೊಳಗೇ ಇರಬೇಕು. ಗಿಟ್‌ಲ್ಯಾಬ್‌ನಲ್ಲೂ ಇಂಥದೇ ಎಲ್ಲೆಯುಂಟು. ಹಲವರು ಮರೆಯುವ ಸಂಗತಿ ಇನ್ನೊಂದಿದೆ: ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಪ್ರತಿ ಹೊಸ ಜಾಗಕ್ಕೆ ಇಳಿದರೂ ಮುಂದಿನ ಆದೇಶಗಳು ಹಳೆಯ ಜಾಗದಲ್ಲೇ ನಡೆಯುತ್ತವೆ. ಆದ್ದರಿಂದ ‘ವರ್ಕಿಂಗ್ ಡೈರೆಕ್ಟರಿ’ಯನ್ನೂ ಬದಲಿಸಬೇಕು.

ಎರಡನೆಯ ಪರಿಹಾರ ಮೂಲಕ್ಕೇ ಮದ್ದು. 2018ರಲ್ಲಿ ಬಂದ ಗೋ 1.11 ಆವೃತ್ತಿ ‘ಮಾಡ್ಯೂಲ್’ ಪದ್ಧತಿಯನ್ನು ತಂದಿತು. ಪ್ರೋಗ್ರಾಮಿನ ಹೆಸರು ಅದರ ಜೊತೆಯಲ್ಲೇ ಇರುವ ಸಣ್ಣ ಕಡತವೊಂದರಲ್ಲಿ ದಾಖಲಾಯಿತು. ಆಮೇಲೆ ಅದನ್ನು ಯಾವ ಫೋಲ್ಡರಿನಲ್ಲಿಟ್ಟರೂ ಅಡ್ಡಿಯಿಲ್ಲ.

ವಿದ್ಯಾರ್ಥಿಗಳು ಕಲಿಯಬೇಕಾದದ್ದು ಇದನ್ನೇ. ಪ್ರಾಜೆಕ್ಟಿನಲ್ಲಿ ಚಿತ್ರವನ್ನೋ ಅಂಕಿಅಂಶದ ಕಡತವನ್ನೋ ಬಳಸುವಾಗ ‘ಸಿ’ ಡ್ರೈವಿನಿಂದ ಹಿಡಿದು ಪೂರ್ತಿ ವಿಳಾಸ ಬರೆದರೆ, ಅದು ಮನೆಯ ಕಂಪ್ಯೂಟರಿಗಷ್ಟೇ ಸರಿ. ಪರೀಕ್ಷಕರ ಮುಂದೆ ಅದೇ ಪ್ರಾಜೆಕ್ಟು ನಿಂತುಬಿಟ್ಟೀತು. ತಿಂಗಳ ಶ್ರಮಕ್ಕೆ ಅಂಕ ಸಿಗದೆ ಹೋದೀತು. ಎಲ್ಲ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಪ್ರೋಗ್ರಾಂ ಇರುವ ಜಾಗದಿಂದಲೇ ವಿಳಾಸ ಎಣಿಸುವುದು ಲೇಸು.

ಪ್ರೋಗ್ರಾಮಿಂಗ್ ಅರಿಯದ ಪೋಷಕರೂ ಇಲ್ಲಿ ನೆರವಾಗಬಹುದು. ಸಲ್ಲಿಸುವ ಮುನ್ನಾದಿನ ಪೂರ್ತಿ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಸಿ, ನೆಂಟರ ಅಥವಾ ನೆರೆಯವರ ಕಂಪ್ಯೂಟರಿನಲ್ಲಿ ಬೇರೆ ಹೆಸರಿನ ಫೋಲ್ಡರಿನೊಳಗಿಟ್ಟು ಓಡಿಸಿ ನೋಡಲು ಮಕ್ಕಳಿಗೆ ಹೇಳಿ. ವಿಳಾಸದ ತಪ್ಪಿದ್ದರೆ ಅಲ್ಲೇ ಹೊರಬೀಳುತ್ತದೆ. ತಿದ್ದಿಕೊಳ್ಳಲು ಒಂದು ರಾತ್ರಿಯಾದರೂ ಉಳಿದಿರುತ್ತದೆ.