ನೋಟೀಸು ಯಾರ ಭಾಷೆಯಲ್ಲಿ?

ಗಡಿಯ ಹೊರಗುಳಿದ ಕನ್ನಡಿಗರೆಂದರೆ ಕಾಸರಗೋಡಿನವರು ಮಾತ್ರವೆಂದು ನಾವು ಕೆಲವೊಮ್ಮೆ ಭಾವಿಸುವುದುಂಟು. ತಮಿಳುನಾಡಿನ ಹೊಸೂರು ಭಾಗದಲ್ಲಿಯೂ ತಲೆತಲಾಂತರದಿಂದ ಕನ್ನಡವಾಡುವ ಮನೆಗಳಿವೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದಾಗ ಅವರು ಮದರಾಸು ರಾಜ್ಯದಲ್ಲೇ ಉಳಿದರು. ಅಲ್ಲಿನ ಮೂಕಂಡಪಲ್ಲಿಯ ನೆರೆಹೊರೆ ಇಂದು ಎದುರಿಸುತ್ತಿರುವ ಪ್ರಶ್ನೆ ನಮಗೂ ಸಂಬಂಧಿಸಿದ್ದೇ ಆಗಿದೆ.

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ 1970ರ ದಶಕದಲ್ಲಿ ಸರಕಾರದ ಸಿಪ್ಕಾಟ್ ಸಂಸ್ಥೆ ಕೈಗಾರಿಕಾ ವಸಾಹತು ತೆರೆಯಿತು. ಮೂಕಂಡಪಲ್ಲಿಯ ಹೊಲಗಳ ನಡುವೆ ಕಾರ್ಖಾನೆಗಳೆದ್ದವು. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಊರು ಈಗ 2019ರಲ್ಲಿ ರಚನೆಯಾದ ಹೊಸೂರು ಮಹಾನಗರಪಾಲಿಕೆಯ ಭಾಗ. 2024ರ ಜೂನ್‌ನಲ್ಲಿ ಹೊಸೂರಿಗೆ 2,000 ಎಕರೆಯ ವಿಮಾನ ನಿಲ್ದಾಣ ಘೋಷಣೆಯಾಯಿತು. 2025ರ ಬಜೆಟ್‌ನಲ್ಲಿ 5 ಲಕ್ಷ ಚದರ ಅಡಿಯ ಟೈಡಲ್ ಪಾರ್ಕ್ ಘೋಷಣೆಯಾಯಿತು. ಹೆದ್ದಾರಿಯ ಇಕ್ಕೆಲಗಳ ಹಳೆಯ ನಿವೇಶನಗಳಿಗೆ ಬೃಹತ್ ವಾಣಿಜ್ಯ ಕಟ್ಟಡಗಳ ಕಣ್ಣು ಬಿದ್ದರೆ ಆಶ್ಚರ್ಯವಿಲ್ಲ.

ಅಭಿವೃದ್ಧಿ ಬೇಡವೆಂದು ಯಾರೂ ಹೇಳುವುದಿಲ್ಲ. ಕಾರ್ಖಾನೆಗಳಿಂದ ಅನೇಕ ಮನೆಗಳ ಒಲೆ ಉರಿದಿದೆ. ಆದರೆ ಹೊಗೇನಕಲ್ಲಿನ ಕಾವೇರಿ ನೀರನ್ನೂ ಕೊಳವೆಬಾವಿಗಳನ್ನೂ ನಂಬಿದ ಊರು ಹೊಸೂರು. ಅಲ್ಲಿನ ಕೆಲವರಪಲ್ಲಿ ಜಲಾಶಯಕ್ಕೆ ಬೆಂಗಳೂರಿನ ಕೊಳಚೆ ಹರಿದು ನೊರೆಯೇಳುವುದನ್ನು ಎಲ್ಲರೂ ಬಲ್ಲರು. ಇಂಥಲ್ಲಿ ಹೊಸ ಸಂಕೀರ್ಣಕ್ಕೆ ನೀರು ಎಲ್ಲಿಂದ? ಅದರ ಕೊಳಚೆ ಯಾವ ಚರಂಡಿಗೆ? ವಾಹನಗಳು ಯಾವ ಬೀದಿಯಲ್ಲಿ ನಿಲ್ಲಬೇಕು? ಬಾಡಿಗೆ ಏರಿದಾಗ ಮೂಲೆಯ ದಿನಸಿ ಅಂಗಡಿಯವನು ಎಲ್ಲಿಗೆ ಹೋಗಬೇಕು? ಇವನ್ನು ಕಟ್ಟಡ ಏಳುವ ಮೊದಲೇ ಕೇಳಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಕೇಳುವುದು ಎಲ್ಲಿ? 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20 ಸಾವಿರ ಚದರ ಮೀಟರ್ ಮೀರಿದ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಆದರೆ ಗಣಿಗೂ ದೊಡ್ಡ ಕಾರ್ಖಾನೆಗೂ ಇರುವ ಸಾರ್ವಜನಿಕ ವಿಚಾರಣೆಯಿಂದ ಕಟ್ಟಡ ಯೋಜನೆಗಳಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು. ಅಂದರೆ ಪಕ್ಕದ ಮನೆಯವನಿಗೆ ಎದ್ದು ನಿಂತು ಮಾತನಾಡಲು ಒಂದು ಸಭೆಯೂ ಇಲ್ಲ. ಉಳಿದಿರುವುದು ನೋಟೀಸು ಮತ್ತು ಅರ್ಜಿ.

ಆ ನೋಟೀಸಾದರೂ ಅರ್ಥವಾಗುವ ಭಾಷೆಯಲ್ಲಿ ಇರಬೇಡವೇ? ಅಷ್ಟು ವರ್ಷ ಅಲ್ಲಿದ್ದೂ ತಮಿಳು ಬಾರದೇ ಎಂದು ಕೇಳುವವರಿದ್ದಾರೆ. ಸಂತೆಯ ತಮಿಳು ಬೇರೆ, ಕಚೇರಿಯ ತಮಿಳು ಬೇರೆ. ಇದನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯಿದೆಯು ಭೂಸ್ವಾಧೀನದ ಪ್ರಕಟಣೆಯನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದು ದೇಶಭಾಷೆಯಲ್ಲಿ, ಹಾಕಿಸಬೇಕೆನ್ನುತ್ತದೆ. ಆಕ್ಷೇಪಕ್ಕೆ 21 ದಿನಗಳ ಅವಕಾಶ. ಗಡಿನಾಡಿನಲ್ಲಿ ಆ ದೇಶಭಾಷೆ ಯಾವುದು? ಗಡುವಿನ ಕಾಗದವನ್ನು ಓದಿಸಿಕೊಳ್ಳಲು ಮನೆಮನೆ ಅಲೆಯಬೇಕಾದವನಿಗೆ 21 ದಿನ ಬಹಳ ಕಡಿಮೆ.

ಇದು ದಾಕ್ಷಿಣ್ಯದ ಬೇಡಿಕೆಯಲ್ಲ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ಮುನ್ಸಿಪಲ್ ಪ್ರದೇಶ, ತಾಲೂಕುಗಳಲ್ಲಿ ಸರಕಾರಿ ನೋಟೀಸುಗಳು ಅವರ ಭಾಷೆಯಲ್ಲೂ ಇರುವುದು ಒಳ್ಳೆಯದೆಂದು 1956ರ ಕೇಂದ್ರ ಸರಕಾರದ ರಕ್ಷಣಾ ಜ್ಞಾಪನಪತ್ರವೇ ಹೇಳಿದೆ. ಜಿಲ್ಲೆಯ ಸರಾಸರಿ ತೆಗೆದರೆ ನಾವು ಕಾಣದಂತಾಗುತ್ತೇವೆ. ಊರಿನ ಲೆಕ್ಕ ಹಿಡಿಯಬೇಕು. 2020ರಲ್ಲಿ ಹೊಸ ಪರಿಸರ ಅಧಿಸೂಚನೆಯ ಕರಡು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಬಂದಾಗ, ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸುವಂತೆ ದಿಲ್ಲಿ ಹೈಕೋರ್ಟು ಆಜ್ಞಾಪಿಸಿತು. ತಿಳಿಯದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳದಿರುವುದಕ್ಕೆ ಸಮ ಎಂಬುದನ್ನು ಅದರಿಂದ ತಿಳಿಯಬಹುದು.

ಆದುದರಿಂದ ಹೊಸೂರು ಪಾಲಿಕೆಯು ಕಾಯಿದೆಯ ಒತ್ತಾಯವಿಲ್ಲದಿದ್ದರೂ ದೊಡ್ಡ ಕಟ್ಟಡಗಳ ಬಗ್ಗೆ ಆಯಾ ವಾರ್ಡಿನಲ್ಲಿ ಸಭೆ ಕರೆಯಬೇಕು. ನೀರು, ಚರಂಡಿ, ವಾಹನಗಳ ವಿವರವನ್ನು ತಮಿಳಿನೊಂದಿಗೆ ಕನ್ನಡ, ತೆಲುಗುಗಳಲ್ಲೂ ಸ್ಥಳದಲ್ಲೇ ಹಚ್ಚಬೇಕು. ಜನರೂ ಸುಮ್ಮನಿರಬಾರದು. ಸಂವಿಧಾನದ 350ನೆಯ ವಿಧಿಯಂತೆ ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಬರೆದು ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ರಶೀದಿ ಪಡೆಯಿರಿ. ತಮಿಳು, ತೆಲುಗಿನ ನೆರೆಯವರ ಸಹಿಯೂ ಅದರಲ್ಲಿರಲಿ. ಬತ್ತಿದ ಬಾವಿಗೆ ಭಾಷಾಭೇದವಿಲ್ಲ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?